ಗುಳಿಗೋದರ ಮೀಮಾಂಸೆ: ಒಂದು ಪೀಠಿಕಾಪ್ರಾಯ ಚಿಂತನೆ

ಪ್ರಸ್ತುತ ಪ್ರಬಂಧದ ಘನೋದ್ದೇಶವೇನೆಂದರೆ, ಉದರಾವಕಾಶದಲ್ಲಿ ಔಷಧ ಮತ್ತು ಆಹಾರಗಳ ನಡುವೆ ಏರ್ಪಡುವ ಪರಸ್ಪರ-ಪ್ರಭಾವಾತ್ಮಕ-ಸಂವಾದಶೀಲತೆಯನ್ನು (ಇನ್ನು ಮುಂದೆ ‘ಪ.ಪ್ರ.ಸಂ.’) ತಾತ್ವಿಕ ನೆಲೆಗಟ್ಟಿನಲ್ಲಿ ಮುಖಾಮುಖಿಯಾಗಿಸುವುದು. ಸದರಿ ಪ.ಪ್ರ.ಸಂ. ಎಂಟು ಬಗೆಯೆಂದು ಪ್ರಾಜ್ಞರು ಬಲ್ಲರು.

ಮೊದಲನೆಯದು ಕ್ಷೀರಬಂಧ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಮುಂತಾದ ಗುಳಿಗೆಗಳು ಹಾಲಿನ ಕ್ಯಾಲ್ಸಿಯಂನ ಕೈಹಿಡಿದು ಕರುಳಿನಲ್ಲೇ ಸಂಸಾರ ಹೂಡಿ, ರಕ್ತದತ್ತ ಹೊರಡಲು ಒಲ್ಲೆನೆನ್ನುವ ಸ್ಥಿತಿ. (“ಮಾತ್ರೆ ಉಷ್ಣ ಕಣೋ, ಹಾಲಿನ ಜೊತೆ ತಗೋ” ಎನ್ನುವ ಅಜ್ಜಿಯರದು ಇಲ್ಲಿ ಪೂರ್ವಪಕ್ಷ.)

ಎರಡನೆಯದು ಶಾಕವಿರೋಧ. ಹೃದಯದ ಕವಾಟ ಬದಲಿಸಿಕೊಂಡವರು ನುಂಗುವ ವಾರ್ಫರಿನ್, ಅಸಿನೊಕೌಮರಾಲ್‌ಗಳು ವಿಟಮಿನ್ ಕೆಯ ಕೆಲಸಕ್ಕೆ ಅಡ್ಡಬಂದು ರಕ್ತ ಹೆಪ್ಪುಗಟ್ಟದಂತೆ ಕಾಯುತ್ತವೆ. ಸೊಪ್ಪಿನಲ್ಲಿ ತುಂಬಿರುವುದೂ ಅದೇ ಕೆ. ಆದ್ದರಿಂದ ಸೊಪ್ಪನ್ನೇ ಬಿಡಿ ಎಂಬುದು ಒಂದು ಪಂಥ. ಬಿಡಬೇಡಿ, ಆದರೆ ಈ ವಾರವೆಲ್ಲ ಬಸ್ಸಾರು, ಮುಂದಿನ ವಾರ ಬರೀ ತಿಳಿಸಾರು ಎಂದಾಗದೆ ಒಂದೇ ಹದದಲ್ಲಿ ತಿನ್ನಿ, ಮಾತ್ರೆಯನ್ನು ಅದಕ್ಕೆ ಹೊಂದಿಸೋಣ ಎಂಬುದು ಸರಿಯಾದ ಪಂಥ. ಇದನ್ನು ಹೇಳಲು ಎರಡು ನಿಮಿಷ ಹಿಡಿಯುವುದರಿಂದ ಅನುಯಾಯಿಗಳು ಕಡಿಮೆ.

ಮೂರನೆಯದು ದೀರ್ಘಕಾಲೀನ ಸೂಕ್ಷ್ಮಪೋಷಕಾಪಹರಣ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಇಳಿಯಬಹುದು. ಅದರಿಂದ ಕಾಲು ಜುಮುಜುಮು ಎಂದರೂ “ಶುಗರ್ ಅಲ್ವಾ, ಹಾಗೇ” ಎನ್ನಿಸಿಕೊಂಡು ಮನೆಗೆ ಬರುತ್ತಾರೆ.

ನಾಲ್ಕರಿಂದ ಎಂಟು ಇರಲಿ ಬಿಡಿ.

ಈ ಭಾಷೆಯನ್ನು ನಾನು ಕಲಿತದ್ದು ಪೋಷಣೆಯ ಮೇಲಿನ ಒಂದು ವಿಚಾರ ಸಂಕಿರಣದಲ್ಲಿ. ರಕ್ತಹೀನತೆಯ ‘ಬಹುಆಯಾಮ’ಗಳ ಬಗ್ಗೆ ಮಧ್ಯಾಹ್ನದವರೆಗೆ ಮಾತಾಯಿತು. ಕಬ್ಬಿಣಕ್ಕೆ ಅಡ್ಡಬರುವ ಕಾಫಿಯ ಮಾತು ಬರಲಿಲ್ಲ. ಕಾಫಿ ಮಾತ್ರ ಎರಡು ಸಲ ಬಂತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಅವರಿಗೆ ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ, ಎಷ್ಟೋ ಕಡೆ ಒಂದೇ ಕವರಿಗೆ ಹಾಕಿ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ, ಕಬ್ಬಿಣದ ಹತ್ತಿರ ಟೀ ಕಾಫಿ ಸುಳಿಯದಿರಲಿ, ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಇಷ್ಟನ್ನು ಯಾರೂ ಹೇಳದಿದ್ದರೆ ಬಸುರಿ ಹೆಂಗಸು ಏನು ಮಾಡಬೇಕು? ಬೆಳಗಿನ ಗಡಿಬಿಡಿಯಲ್ಲಿ ಎರಡನ್ನೂ ಬಾಯಿಗೆ ಹಾಕಿಕೊಂಡು ಬಿಸಿ ಟೀ ಕುಡಿಯುತ್ತಾಳೆ. ಕಬ್ಬಿಣದ ಸಾಕಷ್ಟು ಭಾಗ ಮೈಗೆ ಹತ್ತುವುದಿಲ್ಲ. ಮುಂದಿನ ತಪಾಸಣೆಯಲ್ಲಿ ರಕ್ತ ಏರಿಲ್ಲವೆಂದರೆ, “ಮಾತ್ರೆ ಎಸೀತೀಯ ಅಲ್ವಾ? ಸುಳ್ಳು ಬೇರೆ” ಎಂದು ಎಲ್ಲರೆದುರು ಗದರಿಸಿಕೊಳ್ಳುತ್ತಾಳೆ.

ನುಂಗಿದ್ದಾಳೆ ರೀ. ವಾಂತಿ ಬಂದರೂ ತಡೆದುಕೊಂಡು ದಿನಾ ನುಂಗಿದ್ದಾಳೆ.