ಗೊರಸಿಗೆ ಪಾದಪೂಜೆ

ಮಳೆಗಾಲ ಶುರುವಾದದ್ದೇ ತಡ, ಬೆಂಗಳೂರಿನ ಹೊರವಲಯದ ಕುದುರೆ ಸವಾರಿ ಶಾಲೆಯಲ್ಲಿ ನನ್ನ ಮಗಳಿಗೆ ಗೊರಸಿನ ಪಾಠ. ಒದ್ದೆ ನೆಲದಲ್ಲೇ ನಿಂತರೆ ಗೊರಸಿನಡಿಯ ಮೆತ್ತನೆ ಭಾಗ ಕೊಳೆತು ನಾರುತ್ತದಂತೆ. ಕೊಕ್ಕೆ ಹಿಡಿದು ಹಿಮ್ಮಡಿಯಿಂದ ಮುಂದಕ್ಕೆ ಕೆಸರು ಕೆರೆಯಬೇಕಂತೆ. ತನ್ನೆರಡು ಚಪ್ಪಲಿಗಳನ್ನು ಎರಡು ಕೋಣೆಯಲ್ಲಿ ಬಿಡುವ ಮಹಾರಾಯ್ತಿ, ಇಲ್ಲಿ ಪೋನಿಯ ನಾಲ್ಕು ಕಾಲನ್ನೂ ಒಂದೊಂದಾಗಿ ಎತ್ತಿ ಪಾದಪೂಜೆ ಮಾಡುತ್ತಾಳೆ. ‘ಅಪ್ಪಾ, ಹಿಂದಿನಿಂದ ಬರಬೇಡ, ಒದೆಯುತ್ತೆ. ಮಾತಾಡಿಸ್ತಾ ಪಕ್ಕದಿಂದ ಬಾ’ ಎಂದು ನನಗೆ ಗದರಿಕೆ ಬೇರೆ. ಏನಂತ ಮಾತಾಡಿಸುವುದು? ‘ಏನಪ್ಪಾ, ಊಟ ಆಯ್ತಾ?’ ಎಂದೆ. ಕುದುರೆಯ ಎತ್ತರ 58 ಅಂಗುಲ ಮೀರದಿದ್ದರೆ ಪೋನಿ ಎನ್ನುತ್ತಾರೆ. ಗತ್ತಿಗೆ ಅಂಥ ಮಿತಿಯಿಲ್ಲ. ಪೋನಿ ನನ್ನತ್ತ ತಿರುಗದೆ ಹುಲ್ಲು ಅಗಿಯುತ್ತಲೇ ಇತ್ತು. ದಿನವಿಡೀ ಸ್ವಲ್ಪಸ್ವಲ್ಪವೇ ತಿನ್ನುತ್ತಿದ್ದರಷ್ಟೇ ಅದರ ಹೊಟ್ಟೆ ನೆಟ್ಟಗಿರುತ್ತದಂತೆ. ಇದೇ ಶಾಸ್ತ್ರ ನಾನು ಮನೆಯಲ್ಲಿ ಹೇಳಿದರೆ ಚಕ್ಕುಲಿ ಡಬ್ಬ ಅಟ್ಟಕ್ಕೇರುತ್ತದೆ.