ಏನ್ ಹಚ್ಚಲಿ?

ರಾತ್ರಿ ಊಟದ ಹೊತ್ತಿಗೆ ನಮ್ಮ ಮುಗದದ ಮನೆಯಲ್ಲಿ ಮಗ ಓಟಿಟಿ ತೆರೆದು, 'ಏನ್ ಹಚ್ಚಲಿ?' ಎನ್ನುತ್ತಾನೆ. ಹಚ್ಚುವುದಿಲ್ಲ, ಹುಡುಕುತ್ತಾನೆ. ಪೋಸ್ಟರ್ ನೋಡುತ್ತ ನೋಡುತ್ತ ರೊಟ್ಟಿ ಮುಗಿದು, ಕೈ ಒಣಗಿ, ಅವ್ವನ ಗೊರಕೆಯೂ ಶುರುವಾಗುತ್ತದೆ. ನನ್ನ ಮಟ್ಟಿಗೆ ಪೋಸ್ಟರೇ ಸಿನಿಮಾ.

1994ರಲ್ಲಿ ಉದಯ ಟಿವಿ, 2000ದಲ್ಲಿ ಈಟಿವಿ ಕನ್ನಡ ಶುರುವಾದವು. ಆ ಕಾಲದಲ್ಲಿ ಕೇಬಲಿನವನೆಂದರೆ ಊರ ಅಳಿಯನಿದ್ದಂತೆ. ಬಂದರೆ ಚಹಾ, ಜೊತೆಗೆ ಚುರುಮುರಿ. ಮುನಿಸಿಕೊಂಡು ಸೀರಿಯಲ್ಲಿನ ಮದುವೆಯ ಹೊತ್ತಿಗೇ ವೈರು ಕಿತ್ತರೆ ಗತಿಯೇನು? ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಬೇಕಾದ ಚಾನೆಲ್ ನೀವೇ ಆರಿಸಿಕೊಳ್ಳಿ ಎಂದಿತು: 100 ಚಾನೆಲ್ಲಿಗೆ 130 ರೂಪಾಯಿ, ಮೇಲೆ ಜಿಎಸ್‌ಟಿ, ಅದರ ಮೇಲೆ ಪೇ ಚಾನೆಲ್ಲಿನ ರೇಟು. ಭತ್ತದ ಲೆಕ್ಕವನ್ನು ಬಾಯಲ್ಲೇ ಮುಗಿಸುವ ನಮ್ಮಪ್ಪ ಆ ಪಟ್ಟಿಯೆದುರು ಬೆವೆತು, ಭೋಜಪುರಿ ಹಾಡಿನ ಚಾನೆಲ್ಲಿಗೂ ಟಿಕ್ ಹಾಕಿಬಿಟ್ಟರು. ಕೆಲ ದಿನ ನಾವೂ ತಲೆದೂಗಿದೆವು, ಏನು ಮಾಡುವುದು!

ಮೊನ್ನೆ ಅದೇ ಕೇಬಲಿನವ ಬಂದಿದ್ದ. ಬಾಕಿ ಕೇಳಲಿಕ್ಕಲ್ಲ.

"ಅಣ್ಣಾರ, ಫೈಬರ್ ಇಂಟರ್‌ನೆಟ್ ಹಾಕಸ್ರಿ. ಓಟಿಟಿ ಫ್ರೀ ಐತಿ."

"ಮತ್ತ ನಿನ್ನ ಕೇಬಲ್ ಯಾರ್ ನೋಡಬೇಕೋ ತಮ್ಮಾ?"

"ನಮ್ಮನ್ಯಾಗ ಯಾರೂ ನೋಡಂಗಿಲ್ರೀ. ಆ ಹಳೇ ವೈರ್ ಅಷ್ಟ ಬಿಚ್ಕೊಂಡ್ ಹೋಗ್ತೀನಿ."

ಹಿತ್ತಲಿನಿಂದ ಅವ್ವ ಕೂಗಿದಳು: "ಮುಟ್ಟಬ್ಯಾಡಪಾ! ಅದರ ಮ್ಯಾಲ ಹೀರೀಬಳ್ಳಿ ಹಬ್ಬೇತಿ, ಈಗರ ಹೂ ಬಿಟ್ಟೇತಿ!"