ಬೆಳಕಿನ ಜಮಾಖರ್ಚು

ಮ್ಯೂಸಿಯಂಗಳಲ್ಲಿ ಕ್ಯುರೇಟರ್ ಎಂಬ ಹುದ್ದೆಯೊಂದು ಇರುವುದನ್ನು ಓದುಗರು ಬಲ್ಲರಾದರೂ, ಆ ಹುದ್ದೆಯಲ್ಲಿ ಕುಳಿತವರು ಬೆಳಗಿನಿಂದ ಸಂಜೆಯ ತನಕ ಏನು ಮಾಡುತ್ತಾರೆಂಬುದು ಅವರ ಮನೆಯವರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಪದದ ಮೂಲ ಲ್ಯಾಟಿನ್ನಿನ ‘ಕೂರಾ’. ಅದಕ್ಕೆ ಆರೈಕೆಯೆಂದೂ ಚಿಂತೆಯೆಂದೂ ಎರಡು ಅರ್ಥಗಳಿದ್ದು, ಕನ್ನಡದಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ‘ಕಾಳಜಿ’ ಎಂಬ ಮಾತು ಸಿದ್ಧವಾಗಿಯೇ ಇರುವುದರಿಂದ, ಈ ಅಧಿಕಾರಿಯನ್ನು ಕಾಳಜಿಗಾರನೆಂದು ಕರೆದಿದ್ದರೆ ಸಂಗ್ರಹಪಾಲಕ, ವಸ್ತುಪಾಲಕ ಮುಂತಾದ ಪದಗಳನ್ನು ಟಂಕಿಸುವ ಶ್ರಮ ಪಂಡಿತರಿಗೆ ಉಳಿಯುತ್ತಿತ್ತು. ಆರೈಕೆ ಮತ್ತು ಚಿಂತೆ ಇವೆರಡರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಇವರ ಮುಖ ನೋಡಿಯೇ ತೀರ್ಮಾನಿಸಬಹುದು.

ಈ ಜಾತಿಯ ವಾಸಸ್ಥಾನ ಸಾಮಾನ್ಯವಾಗಿ ಬೇರೆ ಯಾವುದೋ ಉದ್ದೇಶಕ್ಕೆ ಕಟ್ಟಿದ ಕಟ್ಟಡ. ಮೈಸೂರಿನ ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು ರಾಜಮನೆತನದ ಬಳಕೆಗೆ. ಅದು ಚಿತ್ರಶಾಲೆಯಾದದ್ದು 1915ರಲ್ಲಿ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಂತೆ ಚಿತ್ರಗಳಿಗೆಂದೇ ಎದ್ದ ಕಟ್ಟಡಗಳು ಅಪವಾದ. ಅರಮನೆ, ಬಂಗಲೆಗಳನ್ನು ಕಟ್ಟಿದವರು ಗಾಳಿ ಬೆಳಕು ಧಾರಾಳವಾಗಿ ಬರಲೆಂದು ಆಳೆತ್ತರದ ಕಿಟಕಿಗಳನ್ನು ಇಡಿಸಿ ಹೋದರು; ಅಲ್ಲಿ ಚಿತ್ರ ಕಾಯಲು ಬಂದವರ ವೃತ್ತಿಜೀವನವೆಲ್ಲ ಆ ಕಿಟಕಿಗಳನ್ನು ಮುಚ್ಚುವುದರಲ್ಲಿ ಕಳೆಯಿತು. ಒಳಗೆ ಬಂದ ಸಂದರ್ಶಕರು ಕರೆಂಟು ಹೋಗಿದೆಯೆಂದು ಭಾವಿಸಿ ಅಟೆಂಡರನನ್ನು ಕರೆಯುವುದು ಈ ಸ್ಥಳಗಳಲ್ಲಿ ನಿತ್ಯದ ಸಂಗತಿ.

ಕ್ಯುರೇಟರನ್ನು ಗುರುತಿಸಲು ಹಲವು ಲಕ್ಷಣಗಳಿವೆ. ಮೊದಲನೆಯದಾಗಿ, ಇವರು ಚಿತ್ರವನ್ನು ಹೆಸರಿನಿಂದ ಕರೆಯುವುದಿಲ್ಲ. ಸಂಗ್ರಹಕ್ಕೆ ಬಂದ ವಸ್ತುವನ್ನು ಪ್ರವೇಶ ದಾಖಲೆ ಎಂಬ ದಪ್ಪ ಪುಸ್ತಕದಲ್ಲಿ ಬರೆದು, ಬಂದ ವರ್ಷ ಮತ್ತು ಆ ವರ್ಷದ ಸರದಿಯನ್ನು ಜೋಡಿಸಿ ಒಂದು ಅಂಕಿ ಕೊಡುವ ಪದ್ಧತಿಯಿದ್ದು, ಆ ಬಳಿಕ ಸಾಕ್ಷಾತ್ ಪಟ್ಟಾಭಿರಾಮನೂ ಸೀತಾ ಲಕ್ಷ್ಮಣ ಸಮೇತನಾಗಿ ‘ಐವತ್ತೊಂಬತ್ತು ಚುಕ್ಕಿ ನಾಲ್ಕು’ ಆಗಿಬಿಡುತ್ತಾನೆ. ಎರಡನೆಯದಾಗಿ, ಇವರಿಗೆ ಚಿತ್ರದ ಬೆನ್ನೇ ಮುಖ. ಚೌಕಟ್ಟು ಹಾಕಿದವರ ಚೀಟಿ, ಹಿಂದಿನ ಮಾಲೀಕರ ಕೈಬರಹ, ಹುಳು ಕೊರೆದು ಉದುರಿಸಿದ ಹಿಟ್ಟಿನಂಥ ಪುಡಿ ಇವೆಲ್ಲ ಹಿಂಬದಿಯಲ್ಲೇ ಸಿಗುವುದರಿಂದ, ಮದುವೆ ಮನೆಗೆ ಹೋದಾಗಲೂ ಇವರು ವಧೂವರರಿಗೆ ಅಕ್ಷತೆ ಹಾಕಿದ ಮರುಕ್ಷಣ ನಡುಮನೆಯ ಹಳೆಯ ಪಟದ ಹತ್ತಿರ ನಿಂತು, ಕತ್ತು ಓರೆ ಮಾಡಿ, ಗೋಡೆಗೂ ಚೌಕಟ್ಟಿಗೂ ನಡುವಣ ಸಂದಿಯಲ್ಲಿ ಇಣುಕುತ್ತಿರುತ್ತಾರೆ. ಶಾಯಿಯ ಪೆನ್ನು ಒಳಗೆ ಬರಕೂಡದು, ಸೀಸದ ಕಡ್ಡಿ ಬರಬಹುದು. ಒದ್ದೆ ಕೊಡೆ ಬರಕೂಡದು. ಅದರಿಂದ ಗಾಳಿಯ ತೇವ ಏರಿ, ಕಾಗದ ಉಬ್ಬಿ, ಮಳೆ ನಿಂತ ಮೇಲೆ ಕುಗ್ಗಿ, ಬಣ್ಣದ ಪದರ ಸಡಿಲಗೊಂಡು ಏಳುತ್ತದೆಂಬುದನ್ನು ಇವರು ಬಾಗಿಲಲ್ಲೇ, ಕೊಡೆಯ ನೀರು ಸಂದರ್ಶಕನ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿರುವಾಗಲೇ, ಪೂರ್ತಿ ವಿವರಿಸುತ್ತಾರೆ.

ಸಂದರ್ಶಕರು ಇವರನ್ನು ಕೇಳುವ ಪ್ರಶ್ನೆಗಳು ಮೂರೇ: ಇದಕ್ಕೆ ಎಷ್ಟು ಬೆಲೆಯಾಗುತ್ತದೆ, ಇದು ನಿಜವಾದ ಚಿನ್ನವೇ, ಇದು ರವಿವರ್ಮನದೇ. ಮೂರನೆಯ ಪ್ರಶ್ನೆಗೆ ಇತಿಹಾಸದ ಪರಿವೆಯಿಲ್ಲ. ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಪ್ರಸಿದ್ಧ ಚಿತ್ರವನ್ನು ಬಹುಮಂದಿ ರವಿವರ್ಮನದೆಂದೇ ನಂಬಿದ್ದಾರೆ. ಅದನ್ನು ಬರೆದವರು ಎಸ್. ಎಲ್. ಹಲ್ದಂಕರ್, ಬರೆದದ್ದು 1945–46ರ ಸುಮಾರಿನಲ್ಲಿ, ತಮ್ಮ ಮಗಳನ್ನೇ ದೀಪ ಹಿಡಿಸಿ ನಿಲ್ಲಿಸಿಕೊಂಡು, ಜಲವರ್ಣದಲ್ಲಿ. ರವಿವರ್ಮ ತೀರಿಕೊಂಡು ಆಗಲೇ ಸುಮಾರು ನಲವತ್ತು ವರ್ಷಗಳಾಗಿದ್ದವು. ಆ ಚಿತ್ರವನ್ನು ಕತ್ತಲಲ್ಲಿಟ್ಟು ನೋಡಿದರೆ ದೀಪದ ಕಾಂತಿ ಮುಖಕ್ಕೆ ಹೊಡೆದಂತೆ ಕಾಣುತ್ತದೆಂದು ಜನ ಕತ್ತಲೆಯನ್ನು ತಾವಾಗಿಯೇ ಬಯಸುತ್ತಾರೆ. ಸಂದರ್ಶಕರೇ ‘ದೀಪ ಆರಿಸಿ’ ಎನ್ನುವ ಚಿತ್ರವೊಂದು ತಮ್ಮ ಪಾಲಿಗೆ ಬರಲಿಲ್ಲವಲ್ಲ ಎಂಬ ಕೊರಗು ಉಳಿದ ಕ್ಯುರೇಟರುಗಳಿಗೆ ಇದ್ದರೆ ಆಶ್ಚರ್ಯವಿಲ್ಲ.

ಬೆಳಕಿನೊಂದಿಗೆ ಇವರಿಗಿರುವ ವೈರವನ್ನು ವಿವರಿಸಲು ಒಂದು ಉದಾಹರಣೆ ಅಗತ್ಯ. ಜಿಲ್ಲಾ ಕೇಂದ್ರವೊಂದರ ಹಳೆಯ ಬಂಗಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಚಿತ್ರಗಳನ್ನು ಕಾಯ್ದ ಕ್ಯುರೇಟರೊಬ್ಬರ ಬಳಿಗೆ, ಮೈಸೂರು ಸಂಪ್ರದಾಯದ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದ ಸಂಶೋಧಕನೊಬ್ಬ ಹೋಗಿದ್ದನು. (ಈ ಸಂಶೋಧಕನನ್ನು ಪ್ರಸ್ತುತ ಲೇಖಕ ಬಹಳ ಹತ್ತಿರದಿಂದ ಬಲ್ಲ, ಆತನ ಪರವಾಗಿ ಸ್ವಲ್ಪ ಪಕ್ಷಪಾತ ಕಂಡರೆ ಓದುಗರು ಮನ್ನಿಸಬೇಕು.) ಅಲ್ಲಿದ್ದ ಶ್ಯಾಮಲಾದೇವಿಯ ಚಿತ್ರವೊಂದನ್ನು, ಅಂದರೆ ‘ಅರವತ್ತೆಂಟು ಚುಕ್ಕಿ ಹದಿನೇಳ’ನ್ನು, ನೋಡಬೇಕೆಂದು ಆತ ಬರೆದುಕೊಂಡ ಅರ್ಜಿ ಹದಿನೈದು ದಿನಗಳ ಬಳಿಕ ಹಿಂದಿರುಗಿತು. ‘ಕಾರಣ’ ಎಂಬ ಅಂಕಣದಲ್ಲಿ ಆತ ‘ನೋಡಲು’ ಎಂದಷ್ಟೇ ಬರೆದಿದ್ದನು. ಅದರ ಕೆಳಗೆ ಸೀಸದ ಕಡ್ಡಿಯ ದುಂಡನೆಯ ಅಕ್ಷರಗಳಲ್ಲಿ, ‘ನೋಡಲು ಎಂಬುದು ಕಾರಣವಾಗದು. ಕಾರಣ ತಿಳಿಸುವುದು’ ಎಂಬ ಷರಾ ಇತ್ತು.

ಎರಡನೆಯ ಅರ್ಜಿಯಲ್ಲಿ ಸಂಶೋಧಕನು ಅಡಿಟಿಪ್ಪಣಿ, ಶೈಲಿಯ ತೌಲನಿಕ ಅಧ್ಯಯನ, ಕುಸುರಿಯ ವಿನ್ಯಾಸ ಎಂದು ಒಂದೂವರೆ ಪುಟ ಕಾರಣ ತುಂಬಿದ್ದರಿಂದ ಅನುಮತಿ ದೊರೆತು, ಆತ ಆಷಾಢದ ಒಂದು ಬೆಳಿಗ್ಗೆ, ಕೊಡೆಯನ್ನೂ ಪೆನ್ನನ್ನೂ ಆಚೆ ಒಪ್ಪಿಸಿ, ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತನು. ಕ್ಯುರೇಟರು ಬೀರುವಿನ ಚಪ್ಪಟೆ ಖಾನೆಯಿಂದ ಚಿತ್ರವನ್ನು ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸಿದರು. ಮೇಲೆ ಹೊದಿಸಿದ್ದ ಬಣ್ಣ ಹಾಕದ ಹತ್ತಿಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ. ಮೊದಲು ಅವರ ಜೇಬಿನಿಂದ ಬೆಳಕಿನ ಮೀಟರು ಹೊರಬಂತು. ಬೆಳಕು ಒಂದು ಮೇಲ್ಮೈಯ ಮೇಲೆ ಎಷ್ಟು ಬೀಳುತ್ತದೆಂಬುದರ ಅಳತೆಗೆ ಲಕ್ಸ್ ಎನ್ನುತ್ತಾರೆ. ನಡುಹಗಲ ನೇರ ಬಿಸಿಲು ಒಂದು ಲಕ್ಷ ಲಕ್ಸಿನಷ್ಟಿದ್ದರೆ, ಕಾಗದದ ಮೇಲಿನ ಚಿತ್ರಕ್ಕೆ ಮ್ಯೂಸಿಯಂಗಳು ಕೊಡುವ ಬೆಳಕು 50 ಲಕ್ಸ್. ದೀಪವನ್ನು ಹಿಂದೆ ಸರಿಸಿ, ಮುಂದೆ ಸರಿಸಿ, ಮೀಟರು 50 ತೋರಿಸಿದ ಮೇಲೆ ಅವರು ಇನ್ನೊಂದು ಜೇಬಿನಿಂದ ಉದ್ದನೆಯ ಪುಸ್ತಕವೊಂದನ್ನು ತೆಗೆದರು. ಅದು ಆ ಚಿತ್ರದ ಪಾಸ್‌ಬುಕ್.

ಈ ಪಾಸ್‌ಬುಕ್ಕಿನ ಹಿಂದಿರುವ ತತ್ತ್ವ ಸರಳವಾದದ್ದು, ಮತ್ತು ಸಂಶೋಧಕನ ದುರದೃಷ್ಟಕ್ಕೆ ಸರಿಯಾದದ್ದು. ಬೆಳಕಿನಿಂದ ಬಣ್ಣಕ್ಕಾಗುವ ಹಾನಿ ಕೂಡುತ್ತ ಹೋಗುತ್ತದೆಯೇ ಹೊರತು ಕಳೆಯುವುದಿಲ್ಲ. ಕತ್ತಲಲ್ಲಿ ಇಟ್ಟ ಮಾತ್ರಕ್ಕೆ ಹೋದ ಬಣ್ಣ ಮರಳುವುದಿಲ್ಲ. ಆದುದರಿಂದ ಬೆಳಕಿನ ತೀವ್ರತೆಯನ್ನು ಗಂಟೆಗಳಿಂದ ಗುಣಿಸಿ ಲೆಕ್ಕವಿಡುವ ಪದ್ಧತಿ ಬಂದಿದ್ದು, ಬಹಳ ಸೂಕ್ಷ್ಮವಾದ ಬಣ್ಣಗಳಿಗೆ ವರ್ಷಕ್ಕೆ 15,000 ಲಕ್ಸ್-ಗಂಟೆ ಮೀರಬಾರದೆಂಬುದು ಅಂತರರಾಷ್ಟ್ರೀಯ ಶಿಫಾರಸು. 50 ಲಕ್ಸಿನಲ್ಲಿ ಇದು 300 ಗಂಟೆ, ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಮೂವತ್ತೇಳು ದಿನಕ್ಕೂ ಸ್ವಲ್ಪ ಹೆಚ್ಚು. ಅದೇ ಚಿತ್ರವನ್ನು ಅಂಗಳದ ಬಿಸಿಲಿಗೆ ಹಿಡಿದರೆ ಒಂಬತ್ತೇ ನಿಮಿಷದಲ್ಲಿ ವರ್ಷದ ಗಂಟು ಕರಗುತ್ತದೆ. ಬೇರೆ ಕಡೆಯವರು ಇದನ್ನು ಮಾರ್ಗಸೂಚಿಯೆಂದು ತಿಳಿದರೆ, ಈ ಕ್ಯುರೇಟರು ಉಳಿತಾಯ ಖಾತೆಯೆಂದು ತಿಳಿದಿದ್ದರು. ಅವರ ಖಾತೆಗಳಲ್ಲಿ ಜಮೆ ಎಂಬುದೇ ಇರಲಿಲ್ಲ.

“ತಮಗೆ ಏಳು ನಿಮಿಷ ಕೊಡಬಹುದು, ಸ್ವಾಮಿ” ಎಂದು ಅವರು ಹೇಳಿದರು.

“ನಾನು ಇನ್ನೂರು ಕಿಲೋಮೀಟರು ಬಸ್ಸಿನಲ್ಲಿ ಬಂದಿದ್ದೇನೆ, ಸಾರ್.”

“ಬಸ್ಸಿನಲ್ಲಿ ಬಂದದ್ದು ತಾವು. ಬಣ್ಣ ಹೋಗುವುದು ಇದರದ್ದು.”

ಬಟ್ಟೆ ಸರಿಯಿತು. ಬಿಳಿ ಸೀಸದ ಪುಡಿಗೆ ಅಂಟನ್ನೂ ಒಂದು ಜಾತಿಯ ಮರದ ಹಳದಿ ಹಾಲನ್ನೂ ಸೇರಿಸಿ ನಯವಾಗಿ ಅರೆದ ಲೇಪವನ್ನು ಕುಂಚದಿಂದ ಎಳೆಯೆಳೆಯಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುವುದು ಮೈಸೂರು ಸಂಪ್ರದಾಯದ ವಿಶೇಷ. ತಂಜಾವೂರಿನ ಚಿತ್ರಗಳಲ್ಲಿ ದಪ್ಪವಾಗಿ ಎದ್ದು ಕಾಣುವ ಈ ಉಬ್ಬು ಮೈಸೂರಿನಲ್ಲಿ ಬೆರಳಿಗೆ ಸಿಕ್ಕೀತೋ ಇಲ್ಲವೋ ಎಂಬಷ್ಟು ಸಣ್ಣದು. ಸಂಶೋಧಕನು ದೇವಿಯ ವಡ್ಯಾಣ, ಕಿರೀಟ, ಪ್ರಭಾವಳಿಗಳ ಕುಸುರಿಯನ್ನು ಸೀಸದ ಕಡ್ಡಿಯಿಂದ ಗೀಚಿಕೊಳ್ಳುವ ಹೊತ್ತಿಗೆ ನಾಲ್ಕು ನಿಮಿಷವಾಗಿತ್ತು. ಉಳಿದ ಮೂರರಲ್ಲಿ ಒಂದನ್ನು ಅವನು ಎಷ್ಟು ನಿಮಿಷ ಉಳಿದಿದೆಯೆಂದು ಗಡಿಯಾರ ನೋಡುವುದರಲ್ಲಿ ಕಳೆದನು. ಏಳಾದೊಡನೆ ಬಟ್ಟೆ ಬಿತ್ತು. ಏಳು ನಿಮಿಷಕ್ಕೆ ಆರಕ್ಕಿಂತ ತುಸು ಕಡಿಮೆಯಾದದ್ದನ್ನು ಪೂರ್ಣಾಂಕ ಮಾಡಿ, ‘6’ ಎಂದು ಖರ್ಚು ಹಾಕಿ, ಎದುರಿಗೆ ಹೆಸರು ಬರೆಸಿಕೊಂಡು ಕ್ಯುರೇಟರು ಕೇಳಿದರು: “ಗಿಳಿ ನೋಡಿದಿರಾ?”

ಗಿಳಿಯನ್ನು ಸಂಶೋಧಕ ನೋಡಿರಲಿಲ್ಲ. ದೇವಿಯ ಎಡಗೈಯ ಮೇಲೆ ಕುಳಿತಿದ್ದ ಅದು ಚಿನ್ನದ ಝಗಝಗದಲ್ಲಿ ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ನೀಲಿಗೆ ಆ ಮರದ ಹಳದಿಯನ್ನು ಬೆರೆಸಿ ಮಾಡಿದ ಹಸಿರು ಅದರದ್ದು. ಎರಡರಲ್ಲಿ ಹಳದಿ ಬೆಳಕಿಗೆ ಬಲು ಬೇಗ ಸೋಲುವ ಬಣ್ಣವಾದ್ದರಿಂದ, ಚಿತ್ರ ಯಾರದೋ ಮನೆಯ ಪಡಸಾಲೆಯಲ್ಲಿ ತೂಗಿದ್ದ ಕಾಲದಲ್ಲಿಯೇ ಗಿಳಿಯ ಬಾಲ ನೀಲಿಯ ಕಡೆಗೆ ವಾಲಿತ್ತು. ರೆಕ್ಕೆ ಮಾತ್ರ ಇನ್ನೂ ಹಸಿರಾಗಿತ್ತು. “ಚಿನ್ನಕ್ಕೆ ಏನೂ ಆಗುವುದಿಲ್ಲ, ಸ್ವಾಮಿ. ಅದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದು” ಎಂದು ಹೇಳಿದ ಕ್ಯುರೇಟರು ಖಾನೆಯನ್ನು ಮುಚ್ಚಿದರು. ಇನ್ನೊಂದು ನಿಮಿಷಕ್ಕಾಗಿ ಸಂಶೋಧಕ ಮಾಡಿದ ಪ್ರಾರ್ಥನೆಯ ವಿವರಗಳು ಅವನ ಘನತೆಗೆ ಕುಂದು ತರುವಂಥವಾದ್ದರಿಂದ ಇಲ್ಲಿ ಬಿಡಲಾಗಿದೆ.

ಇಂಥವರನ್ನು ಸುಲಭವಾಗಿ ದ್ವೇಷಿಸಲು ಅವರೇ ಬಿಡುವುದಿಲ್ಲ. ಅದೇ ಸಂಶೋಧಕನು, ಅಜ್ಜಿಯ ಕಾಲದಿಂದ ಮನೆಯಲ್ಲಿದ್ದ ಸರಸ್ವತಿಯ ಪಟ ರವಿವರ್ಮನ ಕೈಯದೇ ಎಂಬ ನಂಬಿಕೆಯಿಂದ, ಮತ್ತೊಮ್ಮೆ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಅಲ್ಲಿಗೆ ಹೋದನು. ಕ್ಯುರೇಟರು ಭೂತಗನ್ನಡಿ ಹಿಡಿದು, ದೇವಿಯ ಕೆನ್ನೆಯ ಕೆಂಪು ಸಾವಿರಾರು ಚುಕ್ಕಿಗಳಾಗಿ ಒಡೆಯುವುದನ್ನು ತೋರಿಸಿ, ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದದ್ದನ್ನೂ, ಬಣ್ಣಕ್ಕೊಂದು ಕಲ್ಲಿನಂತೆ ಒಂದರ ಮೇಲೊಂದು ಅಚ್ಚೊತ್ತಿ ತೈಲಚಿತ್ರದ ಹೊಳಪು ಬರಿಸುತ್ತಿದ್ದ ಓಲಿಯೋಗ್ರಾಫ್ ಎಂಬ ಈ ಪಟಗಳು ಊರೂರಿನ ದೇವರ ಮನೆ ಸೇರಿದ್ದನ್ನೂ ವಿವರಿಸಿ, “ಇದು ಅಚ್ಚು” ಎಂದರು. ಸಂಶೋಧಕ ಮನಸ್ಸಿನಲ್ಲೇ ಮಾರಾಟ ಮಾಡಿ ಕೊಂಡಿದ್ದ ನಿವೇಶನವನ್ನು ಮನಸ್ಸಿನಲ್ಲೇ ಹಿಂದಿರುಗಿಸಿದನು. ಆದರೆ ಆಮೇಲೆ ಆ ಮನುಷ್ಯ, ಕಾಸಿನ ಬೆಲೆಯಿಲ್ಲದ ಆ ಅಚ್ಚಿಗಾಗಿ, ಊಟದ ಹೊತ್ತು ಮೀರಿದರೂ ಏಳದೆ ಒಂದು ಗಂಟೆ ಕುಳಿತರು: ಹಿಂಬದಿಯ ಪ್ಲೈವುಡ್ ತೆಗೆಸಿ ಆಮ್ಲವಿಲ್ಲದ ರಟ್ಟು ಹಾಕಿಸಬೇಕು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಸಂದು ಬಿಡಿಸಬೇಕು, ಅಡುಗೆಮನೆಯ ಗೋಡೆಗೂ ಬಚ್ಚಲ ಗೋಡೆಗೂ ನೇತುಹಾಕಬಾರದು, ಕರ್ಪೂರದಾರತಿಯನ್ನು ಒಂದು ಮಾರು ದೂರದಿಂದ ಎತ್ತಬೇಕು. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಸೀಸದ ಕಡ್ಡಿಯಿಂದಲೇ.

ಮಳೆಗಾಲದ ರಾತ್ರಿಗಳಲ್ಲಿ ಈ ಕ್ಯುರೇಟರು ಟಾರ್ಚು ಹಿಡಿದು ಮ್ಯೂಸಿಯಂಗೆ ಬರುತ್ತಿದ್ದುದನ್ನು ಕಾವಲುಗಾರನು ಹೇಳುತ್ತಿದ್ದನು. ಮಾಡು ಸೋರುತ್ತದೆಂದು ಮೇಲಿನವರಿಗೆ ಬರೆದ ಪತ್ರಗಳ ನಕಲುಗಳಿಗೂ ಒಂದು ಕಡತವಿದ್ದು, ಅದಕ್ಕೂ ಅಂಕಿ ಕೊಡಲಾಗಿತ್ತು. ಉತ್ತರ ಬರುವ ತನಕ ಬಕೀಟುಗಳು ಕೆಲಸ ಮಾಡಿದವು. ಒಂದು ಸಂಗ್ರಹ ನೂರು ವರ್ಷ ಉಳಿಯಿತೆಂದರೆ, ಏನೂ ನಡೆಯದಂತೆ ನೋಡಿಕೊಂಡ ಯಾರೋ ಒಬ್ಬರು ಅಲ್ಲಿದ್ದರೆಂದು ಅರ್ಥ. ನಡೆಯದೆ ಹೋದದ್ದಕ್ಕೆ ಸನ್ಮಾನ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಉಪದೇಶದ ಧಾಟಿ ಬರುತ್ತಿರುವುದರಿಂದ ಈ ವಿಷಯವನ್ನು ಇಲ್ಲಿಗೆ ನಿಲ್ಲಿಸುವುದು ಲೇಸು.

ಪುಸ್ತಕದ ಎರಡನೆಯ ಮುದ್ರಣದ ಹೊತ್ತಿಗೆ ಗಿಳಿಯನ್ನು ಸೇರಿಸಲೇಬೇಕೆಂದು ಸಂಶೋಧಕನು ಮತ್ತೆ ಅಲ್ಲಿಗೆ ಹೋದಾಗ, ಕ್ಯುರೇಟರು ನಿವೃತ್ತರಾಗಿ ಕೆಲವು ತಿಂಗಳುಗಳಾಗಿದ್ದವು. ಅವರ ಜಾಗದಲ್ಲಿದ್ದ ಯುವತಿ ಬೆಳಕಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದು, ಹಳೆಯ ಪಾಸ್‌ಬುಕ್ಕುಗಳೆಲ್ಲ ಮೇಜಿನ ಮೇಲೆ ರಾಶಿಯಾಗಿದ್ದವು. ಅರವತ್ತೆಂಟು ಚುಕ್ಕಿ ಹದಿನೇಳರ ಪುಸ್ತಕದಲ್ಲಿ ಸಂಶೋಧಕನ ಏಳು ನಿಮಿಷ ಒಂದು ಸಾಲಾಗಿತ್ತು. ಮೂವತ್ತು ವರ್ಷಗಳ ಅಷ್ಟೂ ಸಾಲುಗಳಲ್ಲಿ ಕ್ಯುರೇಟರ ಹೆಸರು ಕೊಟ್ಟವರ ಅಂಕಣದಲ್ಲಿತ್ತೇ ಹೊರತು ನೋಡಿದವರ ಅಂಕಣದಲ್ಲಿ ಎಲ್ಲಿಯೂ ಇರಲಿಲ್ಲ, ಕೊನೆಯ ಸಾಲೊಂದನ್ನು ಬಿಟ್ಟು. ಅದರ ತಾರೀಕು ಅವರು ನಿವೃತ್ತರಾದ ದಿನದ್ದು. ಅವಧಿ 20 ನಿಮಿಷ. ಬೆಳಕು 50 ಲಕ್ಸ್. ಖರ್ಚು, ಪೂರ್ಣಾಂಕ ಮಾಡಿ, 17. ಕಾರಣದ ಅಂಕಣದಲ್ಲಿ ಅದೇ ದುಂಡನೆಯ ಅಕ್ಷರಗಳಲ್ಲಿ ‘ನೋಡಲು’ ಎಂದಿತ್ತು.